ಶಾಂಭವಿಯ ದೀಕ್ಷೆಯ ದಿನ

ಓಂ ನಮಃ ಶಿವಾಯ

ಸೌ. ಸುಮಿತಾಳಿಗೆ,

ಕುಂಬಾರವಾಡದ ಬಸ್ಸು ನಿನ್ನನ್ನು ಇಳಿಸುವ ವೇಳೆಗೆ ಮಳಗಿಯ ಮಠದಲ್ಲಿ ಶಾಂಭವಿಯ ಲಿಂಗದೀಕ್ಷೆ ಮುಗಿದಿರುತ್ತದೆ. ರೊಟ್ಟಿ ಬುಟ್ಟಿಯಲ್ಲಿವೆ, ಪಲ್ಯವನ್ನು ಬಿಸಿ ಮಾಡಿಕೊಂಡು ಉಣ್ಣು. ಕಾಡಿನ ಬೂಟುಗಳನ್ನು ದೇವರ ಕೋಣೆಯ ಮುಂದೆ ಬಿಡಬೇಡ. ಎಷ್ಟು ಸಲ ಹೇಳಲಿ?

ಮಂಗಟ್ಟೆ ಹಕ್ಕಿಯ ಮರಿ ಗೂಡಿನಿಂದ ಹೊರಬರುವ ವಾರವಿದು, ನಿನ್ನ ಮೂರು ವರ್ಷಗಳ ಸಂಶೋಧನೆ ಇದಕ್ಕಾಗಿಯೇ ಕಾದಿತ್ತು ಎಂಬುದನ್ನು ಬಲ್ಲೆ. ಆದರೆ ನೀನು ಕೂರಬೇಕಾದ ಮಣೆಯ ಮೇಲೆ ಇಂದು ನಮ್ಮ ಸಿದ್ದಕ್ಕ ಕೂರುತ್ತಾಳೆ. ತಾಯಿ ಇಲ್ಲದ ಮಗುವಿಗೆ ಸೋದರತ್ತೆ ಕೂರಬಹುದೆಂದು ಸ್ವಾಮಿಗಳು ಅಪ್ಪಣೆ ಕೊಟ್ಟರು. ತಾಯಿ ಇದ್ದೂ ಬಾರದಿದ್ದರೆ ಏನೆಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ.

ನಿನಗಾಗಿ ಎರಡು ಮುಹೂರ್ತಗಳನ್ನು ಬಿಟ್ಟೆ. ಮೂರನೆಯದನ್ನೂ ಮುಂದೂಡೋಣವೇ ಎಂದು ನಿನ್ನೆ ಮಗಳನ್ನೇ ಕೇಳಿದೆ.

“ಬ್ಯಾಡ್ರಿ ಅಪ್ಪಾ, ಅತ್ತಿನ ಕುಂದರ್ಲಿ. ಅವ್ವ ಬರ್ತೇನಿ ಅಂತಾಳ, ಬರೂದಿಲ್ಲ,” ಎಂದು ಜಡೆ ಹೆಣೆದುಕೊಳ್ಳುತ್ತಲೇ ಹೇಳಿದಳು.

ಕಣ್ಣೀರು ಹಾಕಲಿಲ್ಲ. ಹಾಕಿದ್ದರೆ ನಾನು ಇನ್ನೊಂದು ದಿನವನ್ನು ಹುಡುಕುತ್ತಿದ್ದೆ.

ಅಡಿವೆಯ್ಯ