ಫಾಲ್ಕೆಯ ಬಿಗಿದ ತೋಳು

೧೪ ಅಕ್ಟೋಬರ್ ೧೮೬೮, ಬುಧವಾರ

ಆ ತೋಳನ್ನು ಬಿಗಿಸಬಾರದಿತ್ತು.

ಒಂದೇ ಜೋಡಿ ದೊಡ್ಡ ಗಾಲಿಯ ಬಲದಲ್ಲಿ ಇಷ್ಟು ವರ್ಷ ಹಾರಿದ ಎಕ್ಸ್‌ಪ್ರೆಸ್ ಇಂಜಿನ್, ನಮ್ಮ ಫಾಲ್ಕೆ ಮಹಾರಾಣಿ! ಹಾರ್ಜ್ ಬೆಟ್ಟದ ಏರಿನಲ್ಲಿ ಜಾರದಿರಲೆಂದು ಇನ್ನೊಂದು ಜೋಡಿ ಗಾಲಿ ಕೊಟ್ಟು, ಎರಡನ್ನೂ ಕಬ್ಬಿಣದ ತೋಳಿನಿಂದ ಬೆಸೆದೆವು. ಇಂದು ಅಂಗಳದಲ್ಲಿ ಮೆಲ್ಲನೆ ಓಡಿಸಿದಾಗ ತೋಳು ಟಕ್ ಟಕ್ ಎಂದಿತು. ಅವಳ ಚಾಲಕ ವೀಗಾಂಡ್ ಟೋಪಿ ತೆಗೆದು ನನಗೆ ಬಾಗಿದ.

“ಏನ್ ಮೇಸ್ತ್ರಿಗಳೇ, ನನ್ ರಾಣಿಗೆ ಮರದ ಮೆಟ್ಟು ತೊಡ್ಸಿದೀರಾ?”

ಅಂಗಳವೆಲ್ಲ ನಕ್ಕಿತು. “ಬಿಗೀರೋ, ಉಸಿರೂ ಆಡಬಾರ್ದು” ಎಂದು ಗರ್ಜಿಸಿದೆ. ಬಿಗಿದರು. ಸದ್ದು ಅಡಗಿತು. ನಾನು ಗೆದ್ದೆ.

ಗೆದ್ದೆನೇ? ಹಳಿಯ ತಗ್ಗುದಿಣ್ಣೆಗೆ ಆ ಗಾಲಿಗಳು ಬೇರೆಬೇರೆಯಾಗಿ ಕುಣಿಯುತ್ತವೆ, ಅದಕ್ಕೇ ತೋಳಿಗೆ ಕೂದಲೆಳೆಯಷ್ಟು ಸಡಿಲ ಬೇಕು. ಆ ಟಕ್ ಟಕ್ ಸದ್ದೇ ಅದರ ಆರೋಗ್ಯ. ನಾಳೆ ಪರೀಕ್ಷೆಯ ಓಟದ ವೇಗಕ್ಕೆ ಬಿಗಿದ ತೋಳು ಕಾದು ಮುರಿದರೆ, ಮೊದಲ ಏಟು ವೀಗಾಂಡನಿಗೆ.

“ಮಲ್ಕೊಳ್ರೀ, ನಿಮ್ ರಾಣಿನೇ ಮಲ್ಕೊಂಡಿರ್ತಾಳೆ” ಎಂದಳು ಹೆಂಡತಿ ಡೊರೊಥಿಯಾ, ಹೊದಿಕೆಯೊಳಗಿಂದ.

ಬೆಳಗಾಗುವ ಮೊದಲೇ ಫಾಲ್ಕೆಯ ಒಲೆಗೆ ಬೆಂಕಿ ಹಾಕುತ್ತಾರೆ. ಈಗಲೇ ಹೋಗಿ ಸಡಿಲಿಸಬೇಕು. ನಾಳೆ ಅವಳು ಊರೆಲ್ಲ ಕೇಳುವಂತೆ ಟಕ್ ಟಕ್ ಎನ್ನಲಿ, ವೀಗಾಂಡ್ ಇನ್ನೊಮ್ಮೆ ಬಾಗಲಿ, ನಗಲಿ, ನಗುತ್ತಲೇ ಮನೆಗೆ ಮರಳಲಿ. ಲಾಂದ್ರದಲ್ಲಿ ಎಣ್ಣೆಯಿದೆ. ಬೂಟು ಎಲ್ಲಿ—