ಒಲೆ ಮುಂದಿನ ಜಾಗ

ಯಲಿಯೂರು
ಡಿಸೆಂಬರ್ ೩, ೨೦೨೪

ಪ್ರೀತಿಯ ಅಪ್ಪನಿಗೆ ನಿನ್ನ ದೀಪಿಕಳ ನಮಸ್ಕಾರ.

ಉಸಿರು ಈಗ ಹೇಗಿದೆ? ಒರಗಿಕೊಂಡಾದರೂ ನಿದ್ದೆ ಬರುತ್ತಿದೆಯಾ? ಫೋನಿನಲ್ಲಿ ನಾಲ್ಕು ಮಾತಾಡಿದರೆ ನಿನಗೆ ಏದುಸಿರು, ಅದನ್ನು ಕೇಳಿ ಅಮ್ಮನಿಗೆ ಅಳು. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಮರಿಸಿದ್ದಯ್ಯ ಮಾಮ ಮೈಸೂರಿನ ರೈಲಿಗೆ ಹೊರಟಿದ್ದಾರೆ, ನಿನ್ನ ಆಸ್ಪತ್ರೆಗೆ ಬಂದು ಕೊಡುತ್ತಾರೆ. ಬೇಗ ಬರೆಯಬೇಕು, ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಸಂಕ್ರಾಂತಿಗೆ ಮೊದಲೇ ನಮ್ಮ ಆಲೆಮನೆಯ ಒಲೆ ಮುಂದೆ ಕೂರುತ್ತೇನೆ ಎಂದು ವಾರ್ಡಿನಲ್ಲೆಲ್ಲ ಹೇಳಿಕೊಂಡಿದ್ದೀಯಂತೆ. ಕೇಳಿ ಮೈಯುರಿಯಿತು. ಡಾಕ್ಟರು ನನ್ನನ್ನು ಕೂರಿಸಿಕೊಂಡು ನಿನ್ನ ಎದೆಯ ಚಿತ್ರ ತೋರಿಸಿದ್ದಾರಪ್ಪ. ಉಸಿರಿನ ಕೊಳವೆ ಕವಲೊಡೆದು, ಆ ಕವಲೂ ಕವಲೊಡೆದು, ಕೊನೆಗೆ ಲೆಕ್ಕವಿಲ್ಲದಷ್ಟು ಪುಟಾಣಿ ಗಾಳಿಚೀಲಗಳಲ್ಲಿ ಮುಗಿಯುತ್ತದಂತೆ. ಅವುಗಳ ಸುತ್ತ ಕೂದಲಿಗಿಂತ ಸಣ್ಣ ರಕ್ತನಾಳಗಳು. ನಡುವಿನ ಗೋಡೆ ಎಷ್ಟು ತೆಳು ಎಂದರೆ ಆಮ್ಲಜನಕ ಅದರ ಮೂಲಕವೇ ರಕ್ತಕ್ಕೆ ದಾಟುತ್ತದೆ, ರಕ್ತದ ಕೆಟ್ಟ ಗಾಳಿ ಈಚೆಗೆ ಬರುತ್ತದೆ. ಕಬ್ಬಿನ ಹಾಲು ಬೇಗ ಬತ್ತಲಿ ಎಂದು ನಾವು ಅಗಲದ ಕೊಪ್ಪರಿಗೆ ಇಡುವುದಿಲ್ಲವೇ? ಎದೆಯಲ್ಲೂ ಗಾಳಿ ದಾಟುವ ಜಾಗ ಹೆಚ್ಚಿದ್ದಷ್ಟೂ ಕೆಲಸ ಸಲೀಸು. ನಿನ್ನ ಎದೆಯಲ್ಲಿ ಹೊಗೆ ಆ ಗೋಡೆಗಳನ್ನೇ ತಿಂದಿದೆ. ಪುಟ್ಟ ಚೀಲಗಳು ಒಡೆದು ದೊಡ್ಡ ಪೊಳ್ಳುಗಳಾಗಿವೆ. ಎಷ್ಟು ಎಳೆದುಕೊಂಡರೂ ಗಾಳಿ ರಕ್ತಕ್ಕೆ ದಾಟಲು ಸಾಕಷ್ಟು ಗೋಡೆ ಉಳಿದಿಲ್ಲ. ಒಡೆದದ್ದು ಮತ್ತೆ ಕೂಡುವುದಿಲ್ಲವಂತೆ.

ಕಬ್ಬಿನ ಸಿಪ್ಪೆಯ ರಚ್ಚು ಮಳೆಗೆ ನೆನೆದಾಗಲೆಲ್ಲ ನೀನು ಒಲೆಗೆ ಹಳೇ ಟೈರು ತುರುಕುತ್ತಿದ್ದೆ. ಬೇಡ ಎಂದರೆ, "ಬಿಸಿ ಬೆಲ್ಲ ಒಂದುಂಡೆ ಬಾಯ್ಗಾಕ್ಕಂಡ್ರೆ ಎದೇಲಿರೋ ಒಗೆಯೆಲ್ಲ ಇಳ್ದೋಯ್ತದೆ ಬುಡವ್ವ" ಎನ್ನುತ್ತಿದ್ದೆ. ಬೆಲ್ಲ ಇಳಿಯುವುದು ಹೊಟ್ಟೆಗೆ, ಅದರ ದಾರಿಯೇ ಬೇರೆ. ಊರಿನ ಆಲೆಮನೆಯವರೆಲ್ಲ ಇದನ್ನೇ ನಂಬಿ ಕೂತಿದ್ದಾರೆ. ಇನ್ನೊಂದು ವಿಷಯವಿದೆ, ಅಮ್ಮ ಬರೆಯಬೇಡ ಎಂದಿದ್ದಾಳೆ. ಇರಲಿ.

ಅಮ್ಮ ರಾಗಿಹಿಟ್ಟು ಹುರಿದು ಕಳಿಸಿದ್ದಾಳೆ, ಗಂಜಿ ಮಾಡಿಸಿಕೊಂಡು ಕುಡಿ. ನರ್ಸಮ್ಮನ ಮೇಲೆ ರೇಗಬೇಡ. ನೀನಿಲ್ಲದೆ ಮನೆಯಲ್ಲಿ ಯಾರಿಗೂ ಊಟ ಸೇರುತ್ತಿಲ್ಲ, ಹುಷಾರಾಗಿ ಬಾ.

ನಿನ್ನ ಮಗಳು
ದೀಪಿಕ

ತಾ.ಕ.: ಮಾಮ ಬಾಗಿಲಲ್ಲಿ ಕೂಗುತ್ತಿದ್ದಾರೆ, ಹೇಳಿಯೇಬಿಡುತ್ತೇನೆ. ಹೋದ ವಾರದ ಸೋಮವಾರದಿಂದ ನಿನ್ನ ಜಾಗದಲ್ಲಿ ತಮ್ಮ ಅಪ್ಪು ಕೂತಿದ್ದಾನೆ. ಬೈದರೆ, "ಅಪ್ಪ ಇಷ್ಟ್ ವರ್ಸ ಕುಂತಿರ್ಲಿಲ್ವಾ, ಸುಮ್ಕಿರಕ್ಕ" ಎನ್ನುತ್ತಾನೆ. ಇವತ್ತು ಕೆಮ್ಮುತ್ತಲೇ ಎದ್ದ. ನನಗೆ ಭಯವಾಗಿದೆ. ಅವನು ಕೇಳುವುದು ನಿನ್ನ ಮಾತು ಮಾತ್ರ. "ಆ ಒಲೆಯೇ ನನ್ನೆದೆ ತಿಂದದ್ದು, ಎದ್ದೇಳ್ಲಾ" ಎಂದು ನಿನ್ನ ಕೈಯಾರೆ ಬರೆದು ಮಾಮನ ಹತ್ತಿರವೇ ಕಳಿಸಪ್ಪ.