ಮಿಹೊಗೆ ಕಲಿಸಿದ ಹಾಡು

ನವೆಂಬರ್ 14, ಗುರುವಾರ. ಕುಶಿರೊ, ಜಪಾನ್.

ನಾನೇ ಕೈಯಾರೆ ಕೊಟ್ಟದ್ದು, ಯಾರನ್ನೂ ದೂರುವಂತಿಲ್ಲ.

ನಾನು ಕೆಲಸ ಮಾಡುವ ಬಾರ್‌ಗೆ ಹೊಸದಾಗಿ ಸೇರಿದ ಮಿಹೊ ಮಧ್ಯಾಹ್ನ ಲೋಟ ಒರೆಸುತ್ತ ಕೇಳಿದಳು: "ಅಕ್ಕಾ, ಐವತ್ತು ದಾಟಿದ ಗಂಡಸರಿಗೆ ಯಾವ ಹಾಡು ಹಾಡಿದ್ರೆ ಇಷ್ಟ ಆಗತ್ತೆ? ನಂಗೆ ಬರೋದೆಲ್ಲ ಈಗಿನ ಕಾಲದ್ದು."

"ಅವರು ಹುಡುಗರಾಗಿದ್ದಾಗ ಕೇಳಿದ ಹಾಡು. ಜೋರಾಗಿ ಹಾಡ್ಬೇಡ. ಕೊನೇ ಸಾಲಿಗೆ ತಲೆ ತಗ್ಗಿಸು," ಎಂದೆ.

ಹೇಳುತ್ತ ಹೇಳುತ್ತ, ಬಂದರಿನಲ್ಲಿ ಕಾಯುವ ಹೆಂಗಸಿನ ಆ ಹಳೆಯ ಹಾಡನ್ನೇ ಕಲಿಸಿಬಿಟ್ಟೆ. ಹನ್ನೊಂದು ವರ್ಷದಿಂದ ಪ್ರತಿ ಗುರುವಾರ ಕುವಬಾರ ಅವರಿಗೆಂದೇ ನಾನು ಕರೋಕೆಯಲ್ಲಿ ಹಾಡುತ್ತಿದ್ದ ಹಾಡು. ಮೀನಿನ ಹರಾಜು ಕಟ್ಟೆಯ ಗುಮಾಸ್ತ ಅವರು. ಬಂದರೆ ನನ್ನೆದುರೇ ಕೂರುವ ಮನುಷ್ಯ. ಮನಸ್ಸಿನಲ್ಲಿ ನನ್ನ ಮೇಲೆ ಏನೋ ಇದೆ, ಬಾಯಿಬಿಟ್ಟು ಹೇಳುತ್ತಿಲ್ಲ ಅಷ್ಟೇ ಎಂದು ನಂಬಿಕೊಂಡಿದ್ದೆ.

ಸಂಜೆ ಮಿಹೊ ಹಾಡಿದಳು. ಚೆನ್ನಾಗಿಯೇ ಹಾಡಿದಳು. ಕುವಬಾರ ಊಟದ ಕಡ್ಡಿ ಕೆಳಗಿಟ್ಟು ಕಣ್ಣೊರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿ, "ಚಿಜುರು, ನೀನೂ ಇಂಥದ್ದೊಂದು ಕಲಿತ್ಕೋಬಾರ್ದಾ?" ಎಂದರು.

ಗೇಲಿಯಾಗಿದ್ದರೆ ನಕ್ಕುಬಿಡುತ್ತಿದ್ದೆ. ನಿಜವಾಗಿಯೇ ಕೇಳಿದ್ದು.

"ಕಲೀತೀನಿ," ಎಂದು ಅವರ ಲೋಟಕ್ಕೆ ಐಸು ಹಾಕಿದೆ.

ಬಾಗಿಲು ಹಾಕುವಾಗ ಮಿಹೊ, "ಅಕ್ಕಾ, ಮುಂದಿನ ವಾರಕ್ಕೆ ಇನ್ನೊಂದು ಹೇಳ್ಕೊಡಿ," ಎಂದಳು. ಹೂಂ ಎಂದೆ. ಪಾಪ, ಅವಳಿಗೇನು ಗೊತ್ತು.

ಅಷ್ಟು ವರ್ಷ ಅವರು ಯಾರ ದನಿ ಕೇಳುತ್ತಿದ್ದರೋ. ನಾನು ಹಾಡುವಾಗ ತಲೆದೂಗುತ್ತಿದ್ದರಲ್ಲ, ನಾನೇ ಕಂಡಿದ್ದೇನೆ, ಅದು ಯಾವುದಕ್ಕೋ.